ಪಾವು ಕೂಡಿಸಿದ ತಲೈವರು

ಸಂಧ್ಯಾ, ಕಾರ್ತಿ,

ನಿಮಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ನನಗೆ ಬರುವುದು ಇದೊಂದೇ ಅಕ್ಷರ. ತಾಳವಾಡಿ ಬೆಟ್ಟದ ಮೇಲಿನ ನಮ್ಮೂರ ಶಾಲೆಯಲ್ಲಿ ಕಲಿತದ್ದು. ಮದುವೆಯಾಗಿ ಕೊಯಮತ್ತೂರು ಕಡೆಯ ಕರುಮತ್ತಂಪಟ್ಟಿ ಪಕ್ಕದ, ಕನ್ನಡ ಮಾತಾಡುವ ಈ ನೇಕಾರರ ಬೀದಿಗೆ ಇಳಿದು ಬಂದ ಮೇಲೆ ಅದನ್ನು ಹೆಚ್ಚು ಬಳಸಿದವಳಲ್ಲ. ನಿಮ್ಮ ಅಮ್ಮನಿಗೆ ನಾನೇ ಕಲಿಸಿದ್ದೇನೆ. ಅವಳು ತಡವರಿಸಿಯಾದರೂ ಓದುತ್ತಾಳೆ. ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ.

ಸಂಧ್ಯಾ, ನಿನ್ನ ಕಾಲೇಜಿನ ಭಾಷಣ ಸ್ಪರ್ಧೆಗೆ ಮೊದಲು ನೀನು ಅಡುಗೆಮನೆ ಬಾಗಿಲಿಗೆ ಒರಗಿ ನಿಂತು ಕೇಳಿದೆ. "ಅಜ್ಜಿ, ಒಡೆದು ನಿಂತ ನಾಡನ್ನ ಒಂದು ಮಾಡೋನು ತಲೈವನಾ, ಇಲ್ಲ ತನ್ ಕಡೆಯೋರ ಜೊತೆ ಗಟ್ಟಿಯಾಗಿ ನಿಲ್ಲೋನು ತಲೈವನಾ?" ನಾನು ದೋಸೆ ತಿರುವಿ ಹಾಕಿ "ಹೂಂ" ಅಂದೆ. ಕಾರ್ತಿ ನಕ್ಕ. "ಅಜ್ಜಿ ವೋಟು ಹಾಕೋವಾಗ್ಲೂ ಮಿಷಿನ್ನಿಗೆ ಹೂಂ ಅಂತ ಹೇಳಿ ಬರ್ತಾಳೆ" ಅಂದ. ನಾನೂ ನಕ್ಕೆ. ಮಾತಾಡಬೇಕಾದಲ್ಲಿ ನನ್ನ ನಾಲಿಗೆ ಒಳಗೆ ಸರಿದುಕೊಳ್ಳುತ್ತದೆ. ಅದು ಇಂದಿನ ಅಭ್ಯಾಸವಲ್ಲ.

ಆದರೆ ಅಂಥ ಒಬ್ಬ ತಲೈವರನ್ನು, ನಮ್ಮ ಬೆಟ್ಟದ ಮಾತಿನಲ್ಲಿ ಮುಖಂಡರನ್ನು, ನಾನು ಬಲ್ಲೆ. ನಾಡನ್ನಲ್ಲ, ನಮ್ಮ ಊರನ್ನು ಒಂದು ಮಾಡಿದವರು. ಹೋದ ತಿಂಗಳು ತೀರಿಕೊಂಡರಲ್ಲ, ಎದುರು ಮನೆಯ ಅಜ್ಜ, ಅವರೇ. ನಿಮಗೆ ಅವರು ಜಗುಲಿಯ ಮೇಲೆ ಕೂತು ಕೆಮ್ಮುವ ಮುದುಕ. ಊರಿಗೆಲ್ಲ ಅವರು ತಲೈವರು. ನಾನು ಅಣ್ಣ ಅನ್ನುತ್ತಿದ್ದೆ, ಅವರು ನನ್ನನ್ನು ಅಮ್ಮಿಣಿ ಅನ್ನುತ್ತಿದ್ದರು. ಈ ಕಡೆ ತಂಗಿಯನ್ನೂ ಮಗಳನ್ನೂ ಮುದ್ದಿನಿಂದ ಕರೆಯುವುದು ಹಾಗೆಯೇ.

ಅವರ ಕೈಬೆರಳುಗಳಿಂದ ಶುರು ಮಾಡುತ್ತೇನೆ. ನಾನು ಗಂಡಸರ ಮುಖ ನೋಡಿ ಮಾತಾಡಿದವಳಲ್ಲ, ಹಾಗಾಗಿ ನನಗೆ ಜನ ನೆನಪಿರುವುದು ಕೈಗಳಿಂದ. ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಯಾವಾಗಲೂ ಒಂದನ್ನೊಂದು ಉಜ್ಜುತ್ತಿದ್ದವು, ಇಲ್ಲದ ದಾರವನ್ನು ಹೊಸೆಯುವಂತೆ. ಟೌನ್ ಪಂಚಾಯತ್ತಿನ ತಲೈವರಾಗುವ ಮೊದಲು ಅವರ ಕೆಲಸ ಪಾವು ಕೂಡಿಸುವುದು. ಮಗ್ಗಕ್ಕೆ ಉದ್ದಕ್ಕೆ ಏರಿಸುವ ಸಾವಿರಾರು ಎಳೆಗಳಿಗೆ ನಾವು ಪಾವು ಅನ್ನುತ್ತೇವೆ. ಹಳೆಯ ಪಾವು ಮುಗಿಯುತ್ತ ಬಂದಾಗ ಅದರ ಒಂದೊಂದು ಎಳೆಯ ಕೊನೆಗೂ ಹೊಸ ಪಾವಿನ ಒಂದೊಂದು ಎಳೆಯನ್ನು ಸೇರಿಸಿ, ಬೂದಿ ಮುಟ್ಟಿಸಿದ ಬೆರಳಿನಲ್ಲಿ ಹೊಸೆಯಬೇಕು. ಅವರು ಹೊಸೆದ ಜಾಗ ಹುಡುಕಿದರೂ ಸಿಗುತ್ತಿರಲಿಲ್ಲ. ವೇದಿಕೆ ಹತ್ತಿ ಮೈಕಿನ ಮುಂದೆ ನಿಂತಾಗಲೂ ಆ ಎರಡು ಬೆರಳು ಪಂಚೆಯ ಪಕ್ಕದಲ್ಲಿ ತಮ್ಮ ಕೆಲಸ ಮಾಡುತ್ತಲೇ ಇರುತ್ತಿದ್ದವು.

ನಮ್ಮ ಬೀದಿಯ ತಲೆಗೆ ಆಗ ಎರಡು ಟೀ ಅಂಗಡಿ. ಒಂದರ ಮೇಲೆ ಒಂದು ಸಂಘದ ಬಾವುಟ, ಇನ್ನೊಂದರ ಮೇಲೆ ಇನ್ನೊಂದರದು. ಎರಡೂ ಕೂಲಿ ನೇಕಾರರ ಸಂಘಗಳೇ, ಹಿಂದೆ ನಿಂತ ಪಕ್ಷಗಳು ಬೇರೆ. ಈ ಬಾವುಟದವನು ಆ ಅಂಗಡಿಯ ನೀರು ಮುಟ್ಟುತ್ತಿರಲಿಲ್ಲ. ತಲೈವರು ಮಾತ್ರ ಒಂದರಲ್ಲಿ ಅರ್ಧ ಟೀ ಕುಡಿದು, ರಸ್ತೆ ದಾಟಿ ಇನ್ನೊಂದರಲ್ಲಿ ಇನ್ನರ್ಧ ಕುಡಿಯುತ್ತಿದ್ದರು. ಅವರ ಹೆಂಡತಿಗೆ, ನಮ್ಮೆಲ್ಲರ ಅಕ್ಕನಿಗೆ, ಇದನ್ನು ಕಂಡರೆ ಉರಿ.

"ಏನುಂಗ, ಅಲ್ಲಿ ಅರ್ಧ ಇಲ್ಲಿ ಅರ್ಧ ಕುಡಿದು ಬಂದು ಮನೇಲಿ ಅನ್ನ ಬ್ಯಾಡ ಅಂತೀರಲ್ಲ. ನಾನೂ ಒಂದು ಬಾವುಟ ಕಟ್ಲಾ ಒಲೆ ಮೇಲೆ?"

"ಕಟ್ಟು. ನಿನ್ ಹತ್ರಾನೂ ಅರ್ಧ ಹೊಟ್ಟೆ ಊಟ ಮಾಡ್ತೀನಿ."

"ನಂಗೇನೋ ಪೂರ್ತಿ ಗಂಡ ಬೇಕಾಗಿತ್ತು" ಅನ್ನುತ್ತಿದ್ದಳು ಅಕ್ಕ, ಬೀದಿಗೆಲ್ಲ ಕೇಳಿಸುವಂತೆ. ಅವರು ನಗುತ್ತ ಒಳಗೆ ಹೋಗುತ್ತಿದ್ದರು.

ಮದುವೆ ಮನೆಗಳಲ್ಲಿ ಮಾತು ಬಿಟ್ಟವರನ್ನು ಹುಡುಕಿ ಒಂದೇ ಪಂಕ್ತಿಯಲ್ಲಿ ಅಕ್ಕಪಕ್ಕದ ಎಲೆಗೆ ಕೂರಿಸುವುದು ಅವರಿಗೆ ಒಂದು ಆಟ. ಒಮ್ಮೆ ಅಂಥ ಇಬ್ಬರು ಮುಖ ತಿರುಗಿಸಿ ಕೂತಿದ್ದಾಗ, ತಾವೇ ಪಾಯಸದ ಬಕೆಟ್ಟು ಹಿಡಿದು ಬಂದು, "ಇವರು ಸಾಕು ಅನ್ನೋ ತನಕ ಅವರಿಗೆ ಹಾಕ್ತೀನಿ, ಅವರು ಸಾಕು ಅನ್ನೋ ತನಕ ಇವರಿಗೆ ಹಾಕ್ತೀನಿ" ಅಂದರು. ಎಲೆ ತುಂಬಿ ನೆಲಕ್ಕೆ ಹರಿದ ಮೇಲೆ ಇಬ್ಬರೂ ಒಂದೇ ಬಾಯಿಗೆ "ಸಾಕುಂಗ" ಅಂದರು. ನಾವು ಹೆಂಗಸರು ಕಂಬದ ಹಿಂದೆ ನಿಂತು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದೆವು. ಅವರು ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬರೆಯುವುದನ್ನು ಓದಿ ನೀವು ಬೇರೆ ತಿಳಿಯಬಾರದು.

ನಿಮ್ಮ ಅಮ್ಮ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಕೂಲಿ ಹೆಚ್ಚಿಸಬೇಕೆಂದು ಸುತ್ತಿನ ಊರುಗಳಲ್ಲೆಲ್ಲ ಕರೆಂಟು ಮಗ್ಗ ನಿಲ್ಲಿಸಿದರು. ನೂಲು ಕೊಟ್ಟು ಬಟ್ಟೆ ತೆಗೆದುಕೊಳ್ಳುವ ವ್ಯಾಪಾರಿಗಳು ಜಗ್ಗಲಿಲ್ಲ. ನಮ್ಮ ಬೀದಿಯಲ್ಲಿ ನಿಶ್ಶಬ್ದ ಅನ್ನುವುದನ್ನು ನಾನು ಮೊದಲ ಸಲ ಕೇಳಿದ್ದು ಆಗ. ಮಗುವಿನ ಅಳು, ಕಾಗೆ, ಬಾವಿಯ ರಾಟೆ, ಎಲ್ಲವೂ ಬೇರೆ ಬೇರೆಯಾಗಿ ಕೇಳತೊಡಗಿದವು. ದಿನ ಕಳೆದಂತೆ ಒಂದು ಸಂಘ, ಸಿಕ್ಕಷ್ಟು ಕೂಲಿಗೆ ಒಪ್ಪಿ ಮಗ್ಗ ಓಡಿಸೋಣ ಅಂದಿತು. ಇನ್ನೊಂದು, ಓಡಿಸಿದವನು ದ್ರೋಹಿ ಅಂದಿತು. ಟೀ ಅಂಗಡಿಗಳ ನಡುವಿನ ರಸ್ತೆಯಲ್ಲಿ ಕಲ್ಲು ಬಿದ್ದವು. ಇದರ ಮಧ್ಯೆ ವ್ಯಾಪಾರಿಗಳು ನಿಶ್ಚಿಂತೆಯಿಂದ ಕಾದರು.

ನಿಮ್ಮ ತಾತ ಎರಡೂ ಸಂಘಗಳಲ್ಲಿ ಇರಲಿಲ್ಲ. ಅವರಿಗೆ ಚಿಂತೆ ಮಗ್ಗದ ಮೇಲೆ ನಿಂತಿದ್ದ ಅರ್ಧ ಪಾವಿನದು. ಗಂಜಿ ಹಾಕಿದ ಪಾವು ಬಹಳ ಕಾಲ ಸುಮ್ಮನೆ ನಿಂತರೆ ಎಳೆ ಒಣಗಿ ಪಟಪಟನೆ ಮುರಿಯುತ್ತದೆ, ಗಂಜಿಗೆ ಜಿರಲೆ ಬಂದು ಕಡಿಯುತ್ತದೆ. ಬೆಳಿಗ್ಗೆ ಎದ್ದವರು ಮೊದಲು ಹೋಗಿ ಆ ಎಳೆಗಳ ಮೇಲೆ ಅಂಗೈ ಸವರಿ ನೋಡುತ್ತಿದ್ದರು, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ.

"ಈ ಪಾವು ಒಂದು ಮುಗಿಸಿಬಿಡ್ತೀನಿ. ಆಮೇಲೆ ನಾನೂ ನಿಲ್ಲಿಸ್ತೀನಿ" ಅಂದರು ಒಂದು ದಿನ.

"ಜನ ಏನಂತಾರೋ" ಅಂದೆ.

"ನೇಯೋರಿಗೆ ಗೊತ್ತಾಗಲ್ವಾ? ಕೂಲಿಗಲ್ಲ, ಪಾವು ಕೆಡಬಾರ್ದು ಅಂತ ಓಡಿಸೋದು. ಯಾರು ಬಂದು ಕೇಳಿದ್ರೂ ಹೇಳ್ತೀನಿ."

ನೇಕಾರನೊಬ್ಬ ಮಾತ್ರ ಮಾಡಬಹುದಾದ ತಪ್ಪು ಅದು. ಎಲ್ಲ ನೇಕಾರರಿಗೂ ತನ್ನದೇ ಮನಸ್ಸಿದೆ ಅಂದುಕೊಂಡರು. ನಡು ಮಧ್ಯಾಹ್ನ ಮಗ್ಗ ಹಾಕಿದರು. ಅಷ್ಟು ನಿಶ್ಶಬ್ದದ ಬೀದಿಯಲ್ಲಿ ಆ ಒಂದು ಮಗ್ಗದ ಸದ್ದು ಮೂರು ಬೀದಿಗೆ ಕೇಳಿಸಿತಂತೆ. ನಾನು ಬೀದಿ ನಲ್ಲಿಯಲ್ಲಿ ನೀರಿಗೆ ನಿಂತಿದ್ದೆ. ಸದ್ದು ನಿಂತಿತು. ಪಾವು ಮುಗಿಯಿತೇನೋ ಅಂದುಕೊಂಡೆ. ಕೊಡ ತುಂಬಿಸಿಕೊಂಡು ಬಂದಾಗ ಬಾಗಿಲು ತೆರೆದಿತ್ತು, ಅಡ್ಡಕ್ಕೆ ಕತ್ತರಿಸಿದ ಪಾವು ಜೋಲುತ್ತಿತ್ತು, ನಿಮ್ಮ ತಾತ ಮಗ್ಗದ ಕಬ್ಬಿಣದ ಕಾಲಿಗೆ ತಲೆ ಬಡಿದು ಬಿದ್ದಿದ್ದರು. ಕೊಯಮತ್ತೂರಿನ ಆಸ್ಪತ್ರೆಗೆ ಒಯ್ದೆವು. ಕಣ್ಣು ಬಿಟ್ಟರು, ಮಾತು ಬರಲಿಲ್ಲ. ಹಾಗೆಯೇ ಹೋದರು.

ಮನೆಗೆ ನುಗ್ಗಿ ಪಾವು ಕತ್ತರಿಸಿದವರು ಮಗ್ಗ ಓಡಿಸಬಾರದೆಂದ ಸಂಘದವರು ಎಂಬುದು ಊರಿಗೆ ಗೊತ್ತಿತ್ತು. ಬಂದವರು ಯಾರ್ಯಾರು, ಅವರಲ್ಲಿ ತಳ್ಳಿದ ಕೈ ಯಾವುದು, ಅದನ್ನು ಯಾರೂ ಹೇಳಲಿಲ್ಲ. ಇನ್ನೊಂದು ಸಂಘದವರು ಹೆಣದ ಮುಂದೆಯೇ ಕೂಗಿದರು, ನಮ್ಮವನನ್ನು ಕೊಂದರು ಎಂದು. ಬದುಕಿದ್ದಾಗ ಅವರನ್ನು ಯಾರೂ ನಮ್ಮವನು ಅಂದಿರಲಿಲ್ಲ. ಕತ್ತಿ ಹೊರಬರುತ್ತವೆ ಎಂದು ಬೀದಿಯೆಲ್ಲ ಮಾತು. ಪೋಲೀಸರು ನನ್ನ ಹೇಳಿಕೆಗೆ ಎರಡು ಸಲ ಬಂದು ಹೋದರು.

ಕರ್ಮಗಳು ಮುಗಿದ ಮೇಲೆ ಒಂದು ಬೆಳಿಗ್ಗೆ ತಲೈವರು ಬಂದರು. ಒಳಗೆ ಬರಲಿಲ್ಲ. ಹೊಸ್ತಿಲ ಆಚೆ ನೆಲದ ಮೇಲೆ ಕೂತರು. ನಾನು ಬಾಗಿಲ ಹಿಂದೆ ನಿಂತೆ. ಅವರ ಹಿಂದೆಯೇ ಅಕ್ಕನೂ ಬಂದು ಗೋಡೆಗೆ ಒರಗಿದ್ದಳು.

"ಅಮ್ಮಿಣಿ, ಊರು ಎರಡಾಗಿದೆ. ಈಗ ನಾನ್ ಕೂಡಿಸದಿದ್ರೆ ಇನ್ನೂ ನಾಲ್ಕು ಮನೇಲಿ ತಾಳಿ ಹೋಗುತ್ತೆ. ವ್ಯಾಪಾರಿಗಳು ಅದನ್ನೇ ಕಾಯ್ತಾ ಕೂತವ್ರೆ."

ನಾನು ಬಾಗಿಲ ಚಿಲಕ ಹಿಡಿದುಕೊಂಡೆ.

"ನಮ್ಮೋರ ಹಳೇ ವಾಡಿಕೆ ನಿಂಗೊತ್ತಲ್ಲ. ಅರಿದೋನು ಕೂತು ಕಟ್ಬೇಕು. ಎರಡು ಕಡೆಯಿಂದ್ಲೂ ಜನ ಕರ್ಕೊಂಡು ಬರ್ತೀನಿ. ನಿನ್ ಗಂಡನ ಪಾವು ಅವರೆಲ್ಲ ಸೇರಿ ಕಟ್ತಾರೆ. ನಿನ್ ಮನೆ ನೀರು ಕುಡೀತಾರೆ. ಅಷ್ಟಾದ್ರೆ ಊರು ನಿಲ್ಲುತ್ತೆ."

ಆ ವಾಡಿಕೆ ನಿಮಗೆ ತಿಳಿಯದು, ಹೇಳುತ್ತೇನೆ. ಅರಿಯುವುದು ಅಂದರೆ ಈ ಬೀದಿಯ ಮಾತಿನಲ್ಲಿ ಎಳೆ ಹರಿಯುವುದು. ಕೈಮಗ್ಗದ ಕಾಲದಲ್ಲಿ ಪಾವನ್ನು ಬೆಳಗಿನ ಹೊತ್ತು ಬೀದಿಯುದ್ದಕ್ಕೆ ಎಳೆದು ಕಟ್ಟಿ ಗಂಜಿ ಹಾಕುತ್ತಿದ್ದರಂತೆ. ಯಾರದೋ ಕರುವೋ ಮಗುವೋ ನುಗ್ಗಿ ಎಳೆ ಹರಿದರೆ, ಆ ಮನೆಯವರು ಉಣ್ಣುವ ಮೊದಲು ಬಂದು ಕೂತು ಕಟ್ಟಿಕೊಡಬೇಕು. ನನ್ನ ಅತ್ತೆ ಹೇಳಿದ್ದರು. ಆದರೆ ಅವರು ಹೇಳಿದ್ದರಲ್ಲಿ ಇನ್ನೊಂದು ಅರ್ಧ ಇತ್ತು. ಎಳೆ ಮುಟ್ಟುವ ಮೊದಲು ಹರಿದವನು ಪಾವಿನ ಮುಂದೆ ನಿಂತು, "ನಾನು ಅರಿದೆ, ನಾನೇ ಕಟ್ತೀನಿ" ಎಂದು ಬಾಯಿ ಬಿಟ್ಟು ಹೇಳಬೇಕು. ಹೇಳದೆ ಕಟ್ಟಿದರೆ ಅದು ಕಟ್ಟಿದ್ದಲ್ಲ.

ಅದನ್ನು ನಾನು ಕೇಳಿದೆ. ಗಂಡಸರ ಮುಂದೆ ನಾನು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. "ಅಣ್ಣಾ, ಬರ್ಲಿ. ನೀರೂ ಕೊಡ್ತೀನಿ. ಅರಿದೋನು ಆ ಮಾತು ಹೇಳ್ಲಿ. ಒಂದ್ಸಲ ಹೇಳಿದ್ರೆ ಸಾಕು. ಪೋಲೀಸ್ಗೆ ನಾನ್ ಹೇಳಲ್ಲ."

ಅವರ ಬೆರಳು ಹೊಸೆಯುವುದನ್ನು ನಿಲ್ಲಿಸಿದವು.

"ಆ ಮಾತು ಬ್ಯಾಡ ಅಮ್ಮಿಣಿ. ಹೆಸರು ಹೊರಗೆ ಬಂದ್ರೆ ಈ ಕಡೆಯೋರು ಅವನ್ನ ಬಿಡಲ್ಲ. ಅವನ್ನ ಮುಟ್ಟಿದ್ರೆ ಆ ಕಡೆಯೋರು ಬಿಡಲ್ಲ. ಮತ್ತೆ ಎರಡಾಗುತ್ತೆ. ಪೋಲೀಸ್ನೋರಿಗೆ ನೀನು, ಕಾಲು ಜಾರಿ ಬಿದ್ರು ಅಂತ ಹೇಳ್ಬೇಕು."

ಅಕ್ಕ ಗೋಡೆ ಬಿಟ್ಟು ಮುಂದೆ ಬಂದಳು. "ಏನುಂಗ, ನಿಮ್ ಒತ್ತುಮೈಗೆ ಈ ಹುಡುಗಿ ಬಾಯೇ ಸಿಕ್ತಾ ಹೊಲಿಯೋಕೆ?" ಒತ್ತುಮೈ ಅಂದರೆ ಒಗ್ಗಟ್ಟು, ಅವರ ಭಾಷಣದಲ್ಲೆಲ್ಲ ಬರುವ ತಮಿಳು ಮಾತು ಅದು.

"ನೀ ಸುಮ್ನಿರು."

"ಸುಮ್ನಿರೋಕೆ ಹೇಳೋದು ಬಿಟ್ರೆ ನಿಮಗೆ ಬೇರೆ ಏನ್ ಬರುತ್ತೆ? ಅಲ್ಲಿ ಹೋಗಿ ಹೇಳಿ, ತಳ್ಳಿದೋನ ಮನೇಲಿ."

ಅವರು ಬಾಗಿಲ ಸಂದಿನಿಂದ ನನ್ನ ಕಡೆ ನೋಡಿದರು. ಕಣ್ಣಲ್ಲಿ ನೀರಿತ್ತು. ಅದು ನಟನೆಯಾಗಿರಲಿಲ್ಲ, ಅದನ್ನು ನಾನು ಯಾರ ಮುಂದೆಯೂ ಹೇಳಬಲ್ಲೆ. ಒಳಗೆ ನಿಮ್ಮ ಅಮ್ಮ ಶಾಲೆಯ ಬಟ್ಟೆ ಹಾಕಿಕೊಂಡು, ಹೊರಗೆ ಹೋಗಲು ಹೆದರಿ, ಚೀಲ ಅಪ್ಪಿಕೊಂಡು ಕೂತಿದ್ದಳು. ಬೀದಿಯಲ್ಲಿ ಕಲ್ಲು ಬೀಳುವುದು ನಿಂತರೆ ಅವಳು ಶಾಲೆಗೆ ಹೋಗಬಹುದಿತ್ತು.

"ಹೂಂ" ಅಂದೆ.

ಬಂದರು. ತಲೆಗೆ ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ಎರಡೂ ಬಾವುಟದವರು. ಅರಿದವರಲ್ಲಿ ಯಾರು ಬಂದಿದ್ದರು, ಸುಮ್ಮನೆ ಜೊತೆಗೆ ಬಂದವರು ಯಾರು, ನನಗೆ ತಿಳಿಯದು. ಮಗ್ಗದ ಆಚೆ ಈಚೆ ಸಾಲಾಗಿ ಕೂತರು. ಮಧ್ಯದಲ್ಲಿ ತಲೈವರು, ಪಕ್ಕದಲ್ಲಿ ತೆಂಗಿನ ಚಿಪ್ಪಿನಲ್ಲಿ ಬೂದಿ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೈಗಳನ್ನು ನೋಡಿದೆ. ತಳ್ಳಿದ ಕೈ ನಡುಗದೆ ಇರುತ್ತದೆಯೇ, ಎಳೆ ಹಿಡಿದಾಗ ಗೊತ್ತಾಗುತ್ತದೆ ಎಂದು ಕಾದೆ. ಎಲ್ಲರ ಕೈಯೂ ನಡುಗುತ್ತಿತ್ತು. ಆ ಕಡೆಯವರದು, ಈ ಕಡೆಯವರದು, ಎಲ್ಲರದೂ. ಬೆಳಿಗ್ಗೆ ಕೂತವರು ದೀಪ ಹಚ್ಚುವ ಹೊತ್ತಿಗೆ ಮುಗಿಸಿದರು. ಒಬ್ಬರೂ ಆ ಮಾತು ಹೇಳಲಿಲ್ಲ. ನೀರು ಕೊಟ್ಟೆ, ಕುಡಿದರು. ಹೋಗುವಾಗ ತಲೈವರು ಮಗ್ಗದ ಸ್ವಿಚ್ಚು ಹಾಕಿದರು. ಎಳೆಗಳು ಹಿಡಿದವು. ಹೊರಗೆ ಬೀದಿಯಲ್ಲಿ ಯಾರೋ ಜಯಕಾರ ಹಾಕಿದರು.

ಪೋಲೀಸರು ಬಂದಾಗ ಕಾಲು ಜಾರಿ ಬಿದ್ದರು ಅಂದೆ.

ಊರು ಒಂದಾಯಿತು. ಸುಳ್ಳಲ್ಲ. ಎರಡೂ ಸಂಘದವರು ಒಂದೇ ಮೇಜಿನ ಮುಂದೆ ಕೂತರು, ವ್ಯಾಪಾರಿಗಳು ಬಗ್ಗಿದರು, ಕೂಲಿ ಏರಿತು. ನಿಮ್ಮ ಅಮ್ಮ ಶಾಲೆಗೆ ಹೋದಳು. ಇನ್ನೊಂದು ಮನೆಯಲ್ಲಿ ಹೆಣ ಬೀಳಲಿಲ್ಲ. ತಲೈವರು ವೇದಿಕೆಯಿಂದ ವೇದಿಕೆಗೆ ಹೋಗಿ, ಅರಿದ ಪಾವನ್ನು ಊರೇ ಕೂತು ಕಟ್ಟಿದ ಕಥೆ ಹೇಳಿದರು. ದೂರದ ಧಾರಾಪುರದವರೂ ಅವರನ್ನು ಕರೆಸಿ ಹೇಳಿಸಿದರಂತೆ. ಆ ಕಥೆಯಲ್ಲಿ ಮಗ್ಗ ಇತ್ತು, ಬೂದಿ ಇತ್ತು, ನೀರು ಕೊಟ್ಟ ತಂಗಿ ಇದ್ದಳು. ಪಾವು ಯಾಕೆ ಅರಿಯಿತು ಎಂಬುದು ವರ್ಷ ವರ್ಷಕ್ಕೂ ಸಣ್ಣದಾಗುತ್ತ ಹೋಗಿ ಕೊನೆಗೆ ಇರಲಿಲ್ಲ.

ಒಗ್ಗಟ್ಟೂ ಬಹಳ ದಿನ ನಿಲ್ಲಲಿಲ್ಲ. ಮುಂದಿನ ಚುನಾವಣೆಗೆ ಬಾವುಟ ಮೂರಾದವು. ಅವರು ಸೋತರು, ಈ ಕಡೆಯವರು ಅವರನ್ನು ಆ ಕಡೆಯವರು ಅಂದರು, ಆ ಕಡೆಯವರು ಈ ಕಡೆಯವರು ಅಂದರು. ಈಗ ಬೀದಿಯಲ್ಲಿ ಅರ್ಧ ಮಗ್ಗಗಳನ್ನು ಗುಜರಿಗೆ ತೂಕಕ್ಕೆ ಹಾಕಿ ಆಗಿದೆ. ಟೀ ಅಂಗಡಿ ಒಂದೇ ಉಳಿದಿದೆ; ಅದರಲ್ಲಿ ಬಾವುಟ ಇಲ್ಲ, ಟೀವಿ ಇದೆ.

ಇಷ್ಟು ವರ್ಷವೂ ನಾನು ಅವರ ಎದುರು ಮನೆಯಲ್ಲೇ ಇದ್ದೆ. ಹಬ್ಬಕ್ಕೆ ಹೋಳಿಗೆ ಕಳಿಸುತ್ತಿದ್ದರು, ನಾನೂ ಕಳಿಸುತ್ತಿದ್ದೆ. ನನ್ನ ಮನಸ್ಸಿಗೆ ಒಂದು ಸಮಾಧಾನ ಇತ್ತು, ಅದನ್ನು ನಿಮ್ಮ ಅಮ್ಮನಿಗೂ ಹೇಳಿರಲಿಲ್ಲ. ಆ ಹೆಸರು ನನಗೆ ತಿಳಿಯದಿದ್ದರೇನು, ಅಣ್ಣನಿಗೆ ತಿಳಿದಿದೆ. ನನಗಾಗಿ ಅವರು ಹೊತ್ತುಕೊಂಡಿದ್ದಾರೆ. ಎದುರು ಮನೆಯಲ್ಲಿ ಅದು ಭದ್ರವಾಗಿದೆ. ಹಾಗೆ ಅಂದುಕೊಂಡೇ ನಾನು ಬೀದಿಯ ಪ್ರತಿಯೊಬ್ಬ ಗಂಡಸಿಗೂ ದಾರಿ ಬಿಟ್ಟು ನಡೆದೆ.

ಸಂಧ್ಯಾ, ನೀನು ಆ ಪ್ರಶ್ನೆ ಕೇಳಿದ ವಾರವೇ ಅವರು ಹಾಸಿಗೆ ಹಿಡಿದರು. ನೋಡಲು ಹೋದೆ. ಅಕ್ಕ ತಲೆದಿಂಬು ಸರಿ ಮಾಡುತ್ತಿದ್ದಳು. ಅವರ ಎರಡು ಬೆರಳು ಹೊದಿಕೆಯ ಅಂಚನ್ನು ಹೊಸೆಯುತ್ತಿದ್ದವು. ನಿನ್ನ ಪ್ರಶ್ನೆಯೇ ನನಗೆ ಧೈರ್ಯ ಕೊಟ್ಟಿರಬೇಕು.

"ಅಣ್ಣಾ, ಈಗಾದ್ರೂ ಹೇಳಿ. ಯಾರದು?"

ಅವರು ನನ್ನನ್ನು, ಆಮೇಲೆ ಅಕ್ಕನನ್ನು ನೋಡಿದರು. ಮರೆತಿದ್ದಾರೇನೋ ಅಂದುಕೊಂಡೆ.

"ನಾ ಕೇಳ್ಲೇ ಇಲ್ಲ ಅಮ್ಮಿಣಿ."

"ಏನು?"

"ಅವರನ್ನ ನಾ ಕೇಳ್ಲೇ ಇಲ್ಲ. ಕೇಳಿದ್ರೆ ತಿಳೀತಿತ್ತು. ತಿಳಿದ್ಮೇಲೆ ಅವನ ಪಕ್ಕ ಕೂತು ಎಳೆ ಕಟ್ಟೋಕೆ ನಂಗಾಗ್ತಿರಲಿಲ್ಲ. ಅದಕ್ಕೇ ಕೇಳ್ಲಿಲ್ಲ."

ಅಕ್ಕ ದಿಂಬು ಹಿಡಿದೇ ನಿಂತಳು. ಅವಳಿಗೂ ಅದು ತಿಳಿದಿರಲಿಲ್ಲ. ದಿಂಬನ್ನು ಕೆಳಗಿಟ್ಟು, "ಇಷ್ಟು ವರ್ಷ ನಾನೂ ಹೆದರ್ಕೊಂಡಿದ್ದೆ, ನಿದ್ದೇಲಿ ಎಲ್ಲಿ ಹೆಸರು ಹೇಳಿಬಿಡ್ತಾರೋ ಅಂತ" ಅಂದಳು. ಅವಳ ಬಾಯಲ್ಲಿ ಅಂದು ಚೇಷ್ಟೆ ಇರಲಿಲ್ಲ.

ನಾನು ರಸ್ತೆ ದಾಟಿ ಮನೆಗೆ ಬಂದೆ. ಎದುರು ಮನೆಯಲ್ಲಿ ಏನೂ ಇರಲಿಲ್ಲ. ಇಷ್ಟು ಕಾಲ ಖಾಲಿ ಪೆಟ್ಟಿಗೆಗೆ ಕಾವಲು ಕೂತಿದ್ದೆ.

ಅವರು ತೀರಿಕೊಂಡ ದಿನ ನೀವು ನೋಡಿದ್ದೀರಿ. ಬಾವುಟ ತಂದವರು ಯಾರದು ಮೇಲೆ ಯಾರದು ಕೆಳಗೆ ಎಂದು ಹೆಣದ ತಲೆಯ ಹತ್ತಿರ ಜಗಳವಾಡಿದರು. ಅಕ್ಕ ಎದ್ದು ಎಲ್ಲವನ್ನೂ ಕಿತ್ತು, "ಅರ್ಧ ಅರ್ಧ ಹಂಚಿಕೊಂಡು ತಿಂದಿದ್ದು ಸಾಕು, ಇವತ್ತಾದ್ರೂ ಪೂರ್ತಿ ಬಿಡ್ರಿ" ಎಂದು ತಾನು ತರಿಸಿದ ಹೊಸ ಬಟ್ಟೆ ಹೊದಿಸಿದಳು. ಮೆರವಣಿಗೆ ನಮ್ಮ ಬಾಗಿಲ ಮುಂದೆಯೇ ಹೋಯಿತು. ಅಂದು ನಮ್ಮ ಮಗ್ಗದ ಸುತ್ತ ಕೂತವರಲ್ಲಿ ಉಳಿದವರು ಈಗ ಮುದುಕರು. ಅವರಲ್ಲಿ ಒಬ್ಬ ನನ್ನ ಹೊಸ್ತಿಲ ಮುಂದೆ ತಲೆ ತಗ್ಗಿಸಿದರೆ ಗೊತ್ತಾಗುತ್ತದೆ ಎಂದು ಮತ್ತೆ ನಿಂತು ನೋಡಿದೆ. ಎಲ್ಲರೂ ತಲೆ ತಗ್ಗಿಸಿಯೇ ಹೋದರು.

ಸಂಧ್ಯಾ, ಒಂದು ಮಾಡುವವನೇ ತಲೈವ ಎಂದು ನೀನು ಮಾತಾಡಿ ಬಹುಮಾನ ತಂದೆ. ನೀನು ಹೇಳಿದ್ದು ತಪ್ಪಲ್ಲ. ಒಡೆದ ಊರಿನಲ್ಲಿ ಬದುಕುವುದು ಏನೆಂದು ನಾನು ಕಂಡಿದ್ದೇನೆ, ಅದನ್ನು ಕೂಡಿಸುವವರು ಬೇಕು. ಆದರೆ ಒಂದಾಗಿ ಎಂದು ಯಾರಾದರೂ ಮೈಕಿನಲ್ಲಿ ಹೇಳಿದಾಗ, ಅವರು ಯಾರ ಮನೆಯ ಹೊಸ್ತಿಲಲ್ಲಿ ಕೂತು ಸುಮ್ಮನಿರಲು ಕೇಳಿಕೊಂಡು ಬಂದಿದ್ದಾರೆ ಎಂದು ಒಮ್ಮೆ ನೋಡು. ಅವರು ಕೆಟ್ಟವರಾಗಿರಬೇಕಾಗಿಲ್ಲ. ನಮ್ಮ ಅಣ್ಣ ಕೆಟ್ಟವರಾಗಿರಲಿಲ್ಲ. ವಾಡಿಕೆಯಲ್ಲಿ ಸುಲಭವಾದ ಅರ್ಧವನ್ನು ಮಾಡಿಸಿದರು, ಕಷ್ಟದ ಅರ್ಧವನ್ನು ನನ್ನ ಮನೆಯಲ್ಲಿ ಬಿಟ್ಟುಹೋದರು.

ಅಂದು ಕಟ್ಟಿದ ಪಾವಿನಲ್ಲಿ ನೇಯ್ದ ಬಟ್ಟೆಯ ಒಂದು ತುಂಡು ನನ್ನ ಟ್ರಂಕಿನಲ್ಲಿದೆ. ಮೇಲೆ ಕೈಯಾಡಿಸಿದರೆ ಅಡ್ಡಕ್ಕೆ ಒಂದು ಒರಟು ಗೆರೆ ಸಿಗುತ್ತದೆ, ಎಷ್ಟೋ ಕೈಗಳು ಹಾಕಿದ ಗಂಟುಗಳ ಸಾಲು. ಈ ಹಾಳೆಗಳನ್ನು ಅದರಲ್ಲೇ ಸುತ್ತಿಡುತ್ತೇನೆ. ನಾನು ಹೋದ ಮೇಲೆ ಹಳೆಯ ಕಾಗದ ಎಂದು ಎಸೆಯಬೇಡಿ. ಗೆದ್ದಲು, ನೀರು ತಗಲದ ಕಡೆ ಇಡಿ. ಯಾವತ್ತಾದರೂ ಒಬ್ಬ ಮುದುಕನೋ, ಅವನ ಮಗನೋ ಬಾಗಿಲಿಗೆ ಬಂದು, "ನಾನು ಅರಿದೆ" ಎಂದು ಹೇಳಿದರೆ, ಒಳಗೆ ಕರೆದು ಕೂರಿಸಿ ಅಮ್ಮನ ಕೈಲಿ ಇದನ್ನು ಓದಿಸಿ. ಆಮೇಲೆ ನೀರು ಕೊಡಿ. ಅಲ್ಲಿಯವರೆಗೆ ಈ ಹಾಳೆಗಳು ನಿಮ್ಮ ಹತ್ತಿರ ಇರಲಿ.